ಭದ್ರನಿಕೇತನದ ಸೀಮೆ: ಥಾಯ್–ಕಾಂಬೋಡಿಯಾ ಗಡಿಯಲ್ಲಿ ಒಂದು ಶಾಸನಯಾತ್ರೆ

ಆಗ್ನೇಯ ಏಷ್ಯಾದ ಶಾಸನಗಳನ್ನು ಅಭ್ಯಸಿಸುವವರಿಗೆ ಕೆ. ೨೩೫ ಎಂಬ ಸಂಖ್ಯೆ ಚಿರಪರಿಚಿತ. ಸ್ದೋಕ್ ಕೋಕ್ ಥೊಮ್ ಶಾಸನವೆಂದು ಪ್ರಸಿದ್ಧವಾದ ಈ ಶಿಲಾಲೇಖ ಶಕವರ್ಷ ೯೭೪ಕ್ಕೆ, ಎಂದರೆ ಕ್ರಿ.ಶ. ೧೦೫೨–೫೩ಕ್ಕೆ ಸೇರಿದುದು. ಖ್ಮೇರ್ ದೊರೆ ಇಮ್ಮಡಿ ಉದಯಾದಿತ್ಯವರ್ಮನ ಕಾಲದಲ್ಲಿ ಒಂದು ಪುರೋಹಿತ ಮನೆತನ ತನ್ನ ಇನ್ನೂರೈವತ್ತು ವರ್ಷಗಳ ಚರಿತ್ರೆಯನ್ನು ಸಂಸ್ಕೃತ ಪದ್ಯ ಮತ್ತು ಖ್ಮೇರ್ ಗದ್ಯ ಎರಡರಲ್ಲಿಯೂ ಸೇರಿ ೩೪೦ ಸಾಲುಗಳಲ್ಲಿ ಇಲ್ಲಿ ಕೆತ್ತಿಸಿದೆ. ಅಂಗ್ಕೋರ್ ರಾಜ್ಯದ ಮೂಲಪುರುಷನಾದ ಇಮ್ಮಡಿ ಜಯವರ್ಮನ ವಿಷಯದಲ್ಲಿ ಚರಿತ್ರಕಾರರು ಹೇಳುವ ಮಾತುಗಳಲ್ಲಿ ಹಲವಕ್ಕೆ ಈ ಕಲ್ಲೇ ಆಧಾರ. ಆದರೆ ಕಾಂಬೋಡಿಯಾದ ಚರಿತ್ರೆಗೆ ತಾಯಿಬೇರಿನಂತಿರುವ ಈ ದಾಖಲೆ ಇರುವುದು ಕಾಂಬೋಡಿಯಾದಲ್ಲಲ್ಲ. ದೇವಾಲಯವಿರುವುದು ಥಾಯ್ಲೆಂಡಿನ ಸಾ ಕಾಯೋ ಪ್ರಾಂತ್ಯದಲ್ಲಿ. ಮೂಲಶಿಲೆಯಿರುವುದು ಬ್ಯಾಂಕಾಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ. ಶಾಸನ ಹೆಸರಿಸುವ ಮಹೇಂದ್ರಪರ್ವತ, ಹರಿಹರಾಲಯಗಳಿರುವುದು ಗಡಿಯಾಚೆ.

ಸೆದೆಸ್ ಮತ್ತು ದ್ಯುಪೋ ಸಂಪಾದಿಸಿದ ಪಾಠವನ್ನು ಮುಂದಿಟ್ಟುಕೊಂಡು ಹಲವು ವರ್ಷ ಈ ಶಾಸನವನ್ನು ಓದಿದ ಮೇಲೆ, ಕಲ್ಲಿನಿಂದ ಅದರ ನೆಲಕ್ಕೆ, ಆ ನೆಲದಿಂದ ಅದು ಹೇಳುವ ನಾಡಿಗೆ ನೆಲದ ಮೇಲೆಯೇ ಹೋಗಿಬರಬೇಕೆಂಬ ಆಸೆ ನನ್ನಲ್ಲಿ ಬಲಿಯಿತು. ವಿಮಾನದಲ್ಲಿ ಬ್ಯಾಂಕಾಕಿನಿಂದ ಸಿಯೆಮ್ ರೀಪ್‌ಗೆ ಒಂದು ಗಂಟೆ ಸಾಕು. ಆದರೆ ಲಿಪಿಗಳು, ಪದಗಳು, ದೇವರುಗಳು ಹಾರಿ ಹೋದವಲ್ಲ. ಊರಿನಿಂದ ಊರಿಗೆ ನಡೆದು ಹೋದವು. ೨೦೧೯ರ ಡಿಸೆಂಬರಿನಲ್ಲಿ ಬ್ಯಾಂಕಾಕಿನಲ್ಲಿ ಉದ್ಯೋಗದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಗಡಿಯವರೆಗೆ ಜೊತೆ ಬರಲು ಒಪ್ಪಿದರು. ಮೊದಲ ದಿನ ವಸ್ತುಸಂಗ್ರಹಾಲಯದಲ್ಲಿ ಕಲ್ಲನ್ನು ನೋಡಿದೆವು. ಮರುದಿನ ರೈಲು ಹತ್ತಿದೆವು.

ಹುವಾ ಲಂಫೋಂಗ್ ನಿಲ್ದಾಣದಿಂದ ಬೆಳಗಿನ ಆರಕ್ಕೆ ಐದು ನಿಮಿಷವಿರುವಾಗ ಹೊರಡುವ ಮೂರನೆಯ ದರ್ಜೆಯ ಗಾಡಿ ಅದು. ಟಿಕೇಟಿನ ಬೆಲೆ ಆಗ ಐವತ್ತು ಬಾತ್‌ಗಿಂತ ಕಡಿಮೆಯಿತ್ತು. ಕಿಟಕಿಗಳು ತೆರೆದೇ ಇರುತ್ತವೆ; ಹೊಲದ ಧೂಳು, ಸೌದೆಯ ಹೊಗೆ, ಮಾರುವವರ ಕೂಗು ಎಲ್ಲವೂ ಒಳಕ್ಕೆ ಬರುತ್ತವೆ. ದಾರಿಯುದ್ದಕ್ಕೂ ನಿಲ್ದಾಣಗಳ ಹೆಸರುಗಳನ್ನು ಓದುತ್ತ ಹೋಗುವುದೇ ಭಾಷಾಶಾಸ್ತ್ರದ ಒಂದು ಪಾಠ. ಪ್ರಾಚಿನ್ ಬುರಿ ಎಂಬುದು ಪ್ರಾಚೀನಪುರಿ. ಇಲ್ಲಿ ‘ಪ್ರಾಚೀನ’ಕ್ಕೆ ಹಳೆಯದು ಎಂಬ ಅರ್ಥವಲ್ಲ, ಪೂರ್ವದಿಕ್ಕಿನದು ಎಂಬ ಮೂಲಾರ್ಥ. ವತ್ಥನಾ ನಖೋನ್ ಎಂಬುದರಲ್ಲಿ ಪಾಲಿಯ ‘ವಡ್ಢನ’ ಮತ್ತು ‘ನಗರ’ಗಳಿವೆ; ನಮ್ಮ ಪ್ರಾಕೃತ ಗ್ರಂಥಗಳ ‘ವಡ್ಢಮಾಣ’ವನ್ನು ಬಲ್ಲವರಿಗೆ ಅದು ನೆಂಟರ ಮನೆಯ ಮಾತು. ದಾರಿಯ ಕೊನೆಯ ಪಟ್ಟಣ ಅರಣ್ಯಪ್ರಥೇತ್, ನಮ್ಮ ‘ಅರಣ್ಯಪ್ರದೇಶ’. ನಿಲ್ದಾಣಕ್ಕೆ ಥಾಯ್ ಭಾಷೆಯಲ್ಲಿ ‘ಸಥಾನಿ’, ರೈಲಿಗೆ ‘ರೊತ್‌ಫೈ’. ‘ರೊತ್’ ಎಂಬುದು ಸಂಸ್ಕೃತದ ‘ರಥ’. ‘ಫೈ’ ಎಂದರೆ ಬೆಂಕಿ. ನಮ್ಮ ಹಿರಿಯರು ಹೊಗೆಬಂಡಿ ಎಂದದ್ದನ್ನು ಅವರು ಬೆಂಕಿರಥ ಎಂದರು.

ಗಾಡಿಯಲ್ಲಿ ಅಲ್ಲಲ್ಲಿ ಬರೆದಿದ್ದ ಥಾಯ್ ಅಂಕಿಗಳನ್ನು ನೋಡಿ ಶಿಷ್ಯರು ಕೇಳಿದರು: “ಸರ್, ಈ ಎರಡು, ಮೂರು ನಮ್ಮವುಗಳ ಹಾಗೆಯೇ ಕಾಣುತ್ತವಲ್ಲ? ದಿನವೂ ನೋಡುತ್ತೇನೆ, ಕಾರಣ ಮಾತ್ರ ಹೊಳೆದಿರಲಿಲ್ಲ.” ಕಾರಣ ನೇರವಾದುದು. ಥಾಯ್ ಲಿಪಿ ಖ್ಮೇರ್ ಲಿಪಿಯಿಂದ ಬಂದಿತು. ಖ್ಮೇರ್ ಲಿಪಿ ದಕ್ಷಿಣ ಭಾರತದ ಪಲ್ಲವರ ಕಾಲದ ಲಿಪಿಯಿಂದ ಬೆಳೆಯಿತು. ಕನ್ನಡದ ಲಿಪಿ ಕದಂಬರ ಕಾಲದ ಬರಹದಿಂದ ಬೆಳೆದುದು. ಎಲ್ಲಕ್ಕೂ ಮೂಲ ದಕ್ಷಿಣದ ಬ್ರಾಹ್ಮಿ. ಆದುದರಿಂದ ಇದು ಸಾಲ ಪಡೆದ ಸಂಬಂಧವಲ್ಲ, ದಾಯಾದಿ ಸಂಬಂಧ. ಕನ್ನಡ ಅಲ್ಲಿಗೆ ಹೋಯಿತೆಂದು ಸಂಭ್ರಮಿಸಬೇಕಾಗಿಲ್ಲ. ಒಂದೇ ಅಜ್ಜಿಯ ಮೊಮ್ಮಕ್ಕಳು ಸಮುದ್ರದ ಎರಡು ದಡಗಳಲ್ಲಿ ಬೆಳೆದರೆಂದು ತಿಳಿದರೆ ಸಾಕು.

ಮಧ್ಯಾಹ್ನದ ಹೊತ್ತಿಗೆ ಅರಣ್ಯಪ್ರಥೇತ್ ತಲುಪಿದೆವು. ಸ್ದೋಕ್ ಕೋಕ್ ಥೊಮ್ ಅಲ್ಲಿಂದ ಈಶಾನ್ಯಕ್ಕೆ ಸುಮಾರು ೩೪ ಕಿ.ಮೀ. ವಸತಿಗೃಹದ ಯಜಮಾನಿಯಿಂದ ಮರುದಿನ ಬೆಳಗ್ಗೆ ಒಂದು ಮೋಟಾರ್‌ಬೈಕನ್ನು ಬಾಡಿಗೆಗೆ ಪಡೆದೆವು. ಅದಕ್ಕೆ ಥಾಯ್ ಭಾಷೆಯ ಔಪಚಾರಿಕ ಹೆಸರು ಕೇಳಿ ನಾನು ನಕ್ಕುಬಿಟ್ಟೆ: ‘ರೊತ್ ಚಕ್ರಯಾನ್ ಯೋನ್’, ಎಂದರೆ ರಥ, ಚಕ್ರ, ಯಾನ, ಯಂತ್ರ. ನಾಲ್ಕು ತತ್ಸಮಗಳ ಸಮಾಸದ ಮೇಲೆ ಕುಳಿತು ಶಾಸನವನ್ನು ನೋಡಲು ಹೋಗುವ ಯೋಗ ಎಲ್ಲರಿಗೂ ಒದಗುವುದಿಲ್ಲ. ಶಿಷ್ಯರು ಓಡಿಸಿದರು, ನಾನು ಹಿಂದೆ ಕುಳಿತೆ. ತಾ ಫ್ರಯಾ ಕಡೆಗೆ ಹೋಗುವ ಹೆದ್ದಾರಿಯ ಇಬ್ಬದಿಗಳಲ್ಲಿ ಕೊಯ್ಲು ಮುಗಿದ ಗದ್ದೆಗಳು, ಮರಗೆಣಸು, ಕಬ್ಬು. ನಡುನಡುವೆ ಸೈನಿಕರ ತಪಾಸಣೆಯ ಚೌಕಿಗಳು. ಬೈಕಿನ ಪ್ರಯಾಣದಲ್ಲಿ ನೆಲದ ಏರಿಳಿತ ಬೆನ್ನಿಗೆ ತಿಳಿಯುತ್ತದೆ. ಇಲ್ಲಿ ಅಂತಹ ಏರಿಳಿತವೇ ಇಲ್ಲ. ಈ ಬಯಲು ಗಡಿಯಾಚೆಗೂ ಹೀಗೆಯೇ, ಅದೇ ಮಣ್ಣು, ಅದೇ ಪೈರು, ತೋನ್ಲೆ ಸಾಪ್ ಸರೋವರದ ಕಡೆಗೆ ಹರಡಿಕೊಂಡಿದೆ. ಈ ರಸ್ತೆಯಲ್ಲಿ ಎರಡು ದೇಶಗಳನ್ನು ಬೇರ್ಪಡಿಸುವ ಬೆಟ್ಟವಾಗಲಿ ಮಹಾನದಿಯಾಗಲಿ ಕಣ್ಣಿಗೆ ಬೀಳುವುದಿಲ್ಲ.

ದೇವಾಲಯ ದೊಡ್ಡದಲ್ಲ. ಕೆಂಪು ಮುರಕಲ್ಲಿನ ಪ್ರಾಕಾರ, ಪೂರ್ವಕ್ಕೆ ಗೋಪುರದ್ವಾರ, ಸುತ್ತ ನೀರಿನ ಕಂದಕ, ನಡುವೆ ಮರಳುಗಲ್ಲಿನ ಶಿಖರ. ಪೂರ್ವದಲ್ಲಿ ಒಂದು ದೊಡ್ಡ ಕೆರೆ. ಶಾಸನದಲ್ಲಿ ಈ ಸ್ಥಳದ ಹೆಸರು ಭದ್ರನಿಕೇತನ. ಪ್ರಾಂಗಣದಲ್ಲಿ ಮೂಲಶಿಲೆಯ ಪ್ರತಿಕೃತಿಯನ್ನು ನಿಲ್ಲಿಸಿದ್ದಾರೆ.

ಆ ಕಲ್ಲು ಹೇಳುವ ಕಥೆ ಸಂಕ್ಷೇಪವಾಗಿ ಹೀಗಿದೆ. ‘ಜಾವಾ’ದಿಂದ ಬಂದು ಇಂದ್ರಪುರದಲ್ಲಿ ಆಳತೊಡಗಿದ ಜಯವರ್ಮನು ಮುಂದೆ ಮಹೇಂದ್ರಪರ್ವತದಲ್ಲಿ ನೆಲೆಸಿದಾಗ, ಜನಪದ ಎಂಬಲ್ಲಿಂದ ಹಿರಣ್ಯದಾಮನೆಂಬ ಬ್ರಾಹ್ಮಣನನ್ನು ಕರೆಸಿದನು. ಕಂಬುಜದೇಶ ಇನ್ನು ಜಾವಾಕ್ಕೆ ಅಧೀನವಾಗಿರಬಾರದು, ಅಲ್ಲಿ ಒಬ್ಬನೇ ಚಕ್ರವರ್ತಿಯಿರಬೇಕು ಎಂಬುದು ಆಗ ನಡೆದ ವಿಧಿಯ ಉದ್ದೇಶ. ಹಿರಣ್ಯದಾಮನು ವಿನಾಶಿಖ, ನಯೋತ್ತರ, ಸಮ್ಮೋಹ, ಶಿರಶ್ಛೇದ ಎಂಬ ನಾಲ್ಕು ಗ್ರಂಥಗಳನ್ನು ಶಿವಕೈವಲ್ಯನೆಂಬ ಪುರೋಹಿತನಿಗೆ ಬೋಧಿಸಿದನು. ಇವುಗಳಲ್ಲಿ ಮೊದಲನೆಯದು ಕಾಲ್ಪನಿಕ ಹೆಸರೇನಲ್ಲ. ವೀಣಾಶಿಖತಂತ್ರದ ಹಸ್ತಪ್ರತಿ ನೇಪಾಳದಲ್ಲಿ ಉಳಿದುಬಂದು, ೧೯೮೫ರಲ್ಲಿ ಗೌದ್ರಿಯಾನ್ ಅವರ ಸಂಪಾದನೆಯಲ್ಲಿ ಅಚ್ಚಾಯಿತು. ಹಿಮಾಲಯದ ತಪ್ಪಲಿನ ಓಲೆಯೂ ಈ ಬಯಲಿನ ಕಲ್ಲೂ ಒಂದೇ ಗ್ರಂಥವನ್ನು ನೆನೆಯುತ್ತವೆ.

ದೇವರಾಜ ಪೂಜೆಯ ಹಕ್ಕು ಶಿವಕೈವಲ್ಯನ ಮನೆತನಕ್ಕೆ ಮಾತ್ರ ಎಂಬುದು ದೊರೆಯ ಕಟ್ಟಳೆ. ಆ ಹಕ್ಕು ಇಳಿದುಬಂದದ್ದು ಮಾತೃವಂಶದಲ್ಲಿ, ಸೋದರಿಯರ ಸಂತತಿಯ ಮೂಲಕ. ತುಳುನಾಡಿನ ಅಳಿಯಸಂತಾನವನ್ನು ಬಲ್ಲ ಓದುಗರು ಇಲ್ಲಿ ಕಿವಿ ನಿಮಿರಿಸುವುದು ಸಹಜ. ಎರಡಕ್ಕೂ ನೇರ ಸಂಬಂಧ ಕಲ್ಪಿಸಲು ಆಧಾರವಿಲ್ಲ. ಆದರೆ ಸಂಸ್ಕೃತ ಶಾಸ್ತ್ರಗಳ ಪಿತೃಪ್ರಧಾನ ಚೌಕಟ್ಟನ್ನು ಒಪ್ಪಿಕೊಂಡ ಸಮಾಜಗಳೂ ತಮ್ಮ ನೆಲದ ದಾಯಕ್ರಮವನ್ನು ಬಿಟ್ಟುಕೊಡಲಿಲ್ಲ ಎಂಬುದನ್ನು ಎರಡೂ ಕಡೆಯ ದಾಖಲೆಗಳು ಒಟ್ಟಿಗೆ ಕಲಿಸುತ್ತವೆ.

ವಂಶದ ಕೊನೆಯಲ್ಲಿ ಬರುವವನು ಸದಾಶಿವ. ಒಂದನೆಯ ಸೂರ್ಯವರ್ಮನು ಅವನ ವ್ರತಸ್ಥ ಜೀವನವನ್ನು ಬಿಡಿಸಿ, ರಾಣಿ ವೀರಲಕ್ಷ್ಮಿಯ ತಂಗಿಯನ್ನು ಅವನಿಗೆ ಕೊಟ್ಟು ಮದುವೆ ಮಾಡಿಸಿದನು. ಯುದ್ಧಕಾಲದಲ್ಲಿ ಮನೆತನದ ಊರುಗಳಲ್ಲಿ ದೇವತಾಮೂರ್ತಿಗಳನ್ನು ಕಿತ್ತುಹಾಕಿದ್ದರು. ಹಾಳಾದ ಆ ಊರುಗಳನ್ನು ಸದಾಶಿವ ಮತ್ತೆ ನಿಲ್ಲಿಸಿದನು. ಸಂಸ್ಕೃತ ಭಾಗ ಇದನ್ನೆಲ್ಲ ಕಾವ್ಯದ ಬಿಗುವಿನಲ್ಲಿ ಹೇಳಿದರೆ, ಖ್ಮೇರ್ ಭಾಗ ಊರು, ಭೂಮಿ, ಆಳುಕಾಳು, ಎಲ್ಲೆಗಳ ಲೆಕ್ಕವನ್ನು ಮುಂದಿಡುತ್ತದೆ. ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ ಎಂಬ ದಿಕ್ಕಿನ ಹೆಸರುಗಳು ಮಾತ್ರ ಹಳೆಯ ಖ್ಮೇರ್ ಗದ್ಯಕ್ಕೂ ನಮ್ಮ ದಾನಶಾಸನಗಳಿಗೂ ಸಮಾನ.

ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ವ್ಯತ್ಯಾಸ ಇಲ್ಲಿಯೇ ಇದೆ. ಕರ್ನಾಟಕದ ಶಾಸನಗಳಲ್ಲಿಯೂ ಮೊದಮೊದಲು ಪ್ರಶಸ್ತಿಗೆ ಸಂಸ್ಕೃತ, ಸೀಮಾವಿವರಕ್ಕೆ ಕನ್ನಡ ಎಂಬ ಕೆಲಸದ ಹಂಚಿಕೆ ಕಾಣುತ್ತದೆ. ಐಹೊಳೆಯ ಮೇಗುಟಿ ಜಿನಾಲಯದಲ್ಲಿ ಕ್ರಿ.ಶ. ೬೩೪ರಲ್ಲಿ ರವಿಕೀರ್ತಿ ಬರೆದ ಪ್ರಶಸ್ತಿ ಸಂಸ್ಕೃತದಲ್ಲಿದೆ. ಆದರೆ ಒಂಬತ್ತನೆಯ ಶತಮಾನದ ಹೊತ್ತಿಗೆ ಕವಿರಾಜಮಾರ್ಗ ಬಂದಿತು, ಹತ್ತನೆಯದರಲ್ಲಿ ಪಂಪ ಬಂದನು. ಲೆಕ್ಕದ ಭಾಷೆ ಕಾವ್ಯದ ಭಾಷೆಯಾಯಿತು. ಅಂಗ್ಕೋರ್ ಕಾಲದುದ್ದಕ್ಕೂ ಖ್ಮೇರ್ ಶಾಸನಗಳಲ್ಲಿ ಹೀಗಾಗಲಿಲ್ಲ. ಕಾವ್ಯ ಸಂಸ್ಕೃತದಲ್ಲಿಯೇ, ದಾಖಲೆ ಖ್ಮೇರಿನಲ್ಲಿಯೇ ಉಳಿಯಿತು. ಶೆಲ್ಡನ್ ಪೊಲಾಕ್ ಅವರು ಈ ಹೋಲಿಕೆಯನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಪುಸ್ತಕದಲ್ಲಿ ಅದನ್ನು ಓದುವುದು ಒಂದು. ಒಂದೇ ಕಲ್ಲಿನಲ್ಲಿ ಎರಡು ಭಾಷೆಗಳು ತಮ್ಮ ತಮ್ಮ ಎಲ್ಲೆಯನ್ನು ಮೀರದೆ ನಿಂತಿರುವುದನ್ನು ಎದುರಿಗೆ ನಿಂತು ನೋಡುವುದು ಇನ್ನೊಂದು.

ಕಂದಕದ ಅಂಚಿನಲ್ಲಿ ಎಲೆ ಗುಡಿಸುತ್ತಿದ್ದ ವೃದ್ಧರೊಬ್ಬರು ನಮ್ಮನ್ನು ಮಾತನಾಡಿಸಿದರು. ಶಿಷ್ಯರ ಥಾಯ್ ಭಾಷೆಯ ನೆರವಿನಿಂದ ಮಾತು ಮುಂದುವರಿಯಿತು. ಖ್ಮೇರ್ ರೂಜ್ ಆಡಳಿತ ಕುಸಿದ ೧೯೭೯ರ ಅನಂತರ ಈ ಪ್ರದೇಶದ ಗಡಿಯುದ್ದಕ್ಕೂ ನಿರಾಶ್ರಿತರ ಶಿಬಿರಗಳಿದ್ದವು. ದೇವಾಲಯದ ಆಸುಪಾಸಿನಲ್ಲಿ ಶಸ್ತ್ರಧಾರಿಗಳಿದ್ದರು, ನೆಲದೊಳಗೆ ನೆಲಬಾಂಬುಗಳಿದ್ದವು. ಅವನ್ನು ತೆಗೆದು ನೆಲವನ್ನು ಶುದ್ಧಗೊಳಿಸಿದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. “ಈಗ ಏನೂ ಇಲ್ಲ, ಎಲ್ಲಿ ಬೇಕಾದರೂ ನಡೆಯಬಹುದು,” ಎಂದರು ಆ ಅಜ್ಜ. ಆದರೆ ನಮ್ಮನ್ನು ಕೆರೆಯ ಕಡೆಗೆ ಕರೆದೊಯ್ಯುವಾಗ ಕಾಲುದಾರಿಯಿಂದ ಒಂದು ಹೆಜ್ಜೆಯೂ ಆಚೆ ಇಡಲಿಲ್ಲ. ಶಾಸನದ ಮೂರ್ತಿಗಳನ್ನು ಕಿತ್ತ ಯುದ್ಧ ಸಾವಿರ ವರ್ಷ ಹಿಂದಿನದು. ಈ ಅಜ್ಜನ ಕಾಲಿನಲ್ಲಿರುವ ಯುದ್ಧ ನಿನ್ನೆಯದು.

ಸಂಜೆ ಅರಣ್ಯಪ್ರಥೇತ್‌ಗೆ ಮರಳಿ ಬೈಕನ್ನು ಒಪ್ಪಿಸಿದೆವು. ಬಾಡಿಗೆಯ ಬೈಕು ಗಡಿ ದಾಟುವಂತಿಲ್ಲ. ರೈಲಿನ ಕಥೆಯೂ ವಿಚಿತ್ರವೇ. ಬ್ಯಾಂಕಾಕಿನಿಂದ ಇಲ್ಲಿಗೆ ಹಳಿ ಬಂದದ್ದು ೧೯೨೬ರಲ್ಲಿ. ಎರಡು ದೇಶಗಳ ನಡುವಿನ ರೈಲು ಸಂಚಾರ ೧೯೬೧ರಲ್ಲಿ ಕಡಿದುಹೋಯಿತು. ಕಾಂಬೋಡಿಯಾದ ಕಡೆ ಪೊಯಿಪೆಟ್‌ವರೆಗಿನ ಹಾಳಾದ ಹಳಿಯನ್ನು ಮತ್ತೆ ಹಾಸಿ ೨೦೧೮ರಲ್ಲಿ ಗಾಡಿ ಓಡಿಸಿದರು. ೨೦೧೯ರ ಏಪ್ರಿಲ್ ೨೨ರಂದು ಎರಡು ದೇಶಗಳ ಪ್ರಧಾನಿಗಳು ಒಂದೇ ಗಾಡಿಯಲ್ಲಿ ಕುಳಿತು ಗಡಿ ದಾಟಿದರು. ಆದರೆ ಪ್ರಧಾನಿಗಳು ದಾಟಿದ ಸೇತುವೆಯ ಮೇಲೆ ಪ್ರಯಾಣಿಕರ ನಿತ್ಯದ ಗಾಡಿ ಓಡಲಿಲ್ಲ. ಆದುದರಿಂದ ನಾನು ಎಲ್ಲರಂತೆ ನಡೆದೇ ದಾಟಬೇಕಾಯಿತು.

ಬೆಳಗಿನ ಗಡಿಯೆಂದರೆ ಕೈಗಾಡಿಗಳ ಸಾಲು. ಆಳೆತ್ತರದ ಹೊರೆಗಳನ್ನು ಹೇರಿದ ಮರದ ಗಾಡಿಗಳನ್ನು ಗಂಡಸರೂ ಹೆಂಗಸರೂ ತಳ್ಳುತ್ತಿದ್ದರು. ಥಾಯ್ ಬದಿಯ ರೋಂಗ್ ಕ್ಲುವಾ ಸಂತೆಗೆ ಕಾಂಬೋಡಿಯಾದವರು ಬೆಳಗ್ಗೆ ಬಂದು ಸಂಜೆ ಮರಳುತ್ತಿದ್ದರು. ಅವರ ಪಾಲಿಗೆ ಗಡಿಯೆಂಬುದು ದಿನಕ್ಕೆರಡು ಬಾರಿ ದಾಟುವ ಹೊಸ್ತಿಲಾಗಿತ್ತು. ಶಿಷ್ಯರು ಥಾಯ್ ಬಾಗಿಲಿನಲ್ಲಿ ನಿಂತು, “ಸರ್, ಆ ಕಡೆ ವೀಸಾ ಮಾಡಿಸಿಕೊಡುತ್ತೇವೆಂದು ಯಾರಾದರೂ ಬಂದರೆ ಪಾಸ್‌ಪೋರ್ಟ್ ಕೈಗೆ ಕೊಡಬೇಡಿ,” ಎಂದು ಎರಡು ಬಾರಿ ಎಚ್ಚರಿಸಿ ಬೀಳ್ಕೊಟ್ಟರು. ನಡುವಣ ಪಟ್ಟಿಯಲ್ಲಿ ಎತ್ತರದ ಜೂಜುಮನೆಗಳು. ಅವನ್ನು ದಾಟಿದರೆ ಅಂಗ್ಕೋರ್ ಶಿಖರಗಳನ್ನು ಹೊತ್ತ ಕಮಾನು. ಎಡಗಡೆ ಓಡುತ್ತಿದ್ದ ವಾಹನಗಳು ಇಲ್ಲಿಂದ ಬಲಗಡೆ ಓಡುತ್ತವೆ. ಥಾಯ್ ಭಾಷೆಯಲ್ಲಿ ಗಡಿಗೆ ‘ಚಾಯ್‌ದೇನ್’, ಖ್ಮೇರ್ ಭಾಷೆಯಲ್ಲಿ ‘ಪ್ರುಂದೇನ್’. ನಾಡು ಎಂಬರ್ಥದ ‘ದೇನ್’ ಎರಡರಲ್ಲಿಯೂ ಒಂದೇ. ಬೇರ್ಪಡಿಸುವುದನ್ನು ಹೆಸರಿಸಲು ಸಹ ಅವರು ಪದವನ್ನು ಹಂಚಿಕೊಂಡಿದ್ದಾರೆ.

ಪೊಯಿಪೆಟ್‌ನಲ್ಲಿ ಒಂದು ರಾತ್ರಿ ಕಳೆದು, ಮುಂಜಾನೆ ಬಾಡಿಗೆ ಬೈಕಿನ ಸವಾರನೊಬ್ಬನ ಹಿಂದೆ ಕುಳಿತು ನಿಲ್ದಾಣ ಸೇರಿ, ಬಾತ್ತಂಬಾಂಗ್ ಕಡೆಗೆ ಹೊರಟೆ. ಗಾಡಿ ನಿಧಾನವಾದುದು. ಪ್ರತಿ ದಾಟುದಾರಿಯಲ್ಲಿಯೂ ಬೈಕುಗಳ ಮೇಲೆ ಕುಟುಂಬಗಳು ಕಾಯುತ್ತಿದ್ದವು, ಮಕ್ಕಳು ಕೈಬೀಸುತ್ತಿದ್ದರು. ಹಳಿಗಳು ಪಾಳುಬಿದ್ದಿದ್ದ ಕಾಲದಲ್ಲಿ ಬಾತ್ತಂಬಾಂಗಿನ ಜನ ಬಿದಿರಿನ ಹಾಸುಗಳಿಗೆ ಸಣ್ಣ ಎಂಜಿನ್ ಜೋಡಿಸಿ ‘ನೋರಿ’ ಎಂಬ ಗಾಡಿಯನ್ನು ಮಾಡಿಕೊಂಡಿದ್ದರು. ಎದುರಿನಿಂದ ಇನ್ನೊಂದು ನೋರಿ ಬಂದರೆ ಒಂದನ್ನು ಬಿಚ್ಚಿ ಪಕ್ಕಕ್ಕಿಟ್ಟು ಮತ್ತೊಂದಕ್ಕೆ ದಾರಿ ಕೊಡುತ್ತಿದ್ದರು.

ಕಿಟಕಿಯಾಚೆ ಓಡುತ್ತಿದ್ದ ಈ ನಾಡೇ ಗಡಿಯ ವಯಸ್ಸನ್ನು ಹೇಳುತ್ತದೆ. ಬಾತ್ತಂಬಾಂಗ್, ಸಿಸೊಫೋನ್, ಸಿಯೆಮ್ ರೀಪ್‌ಗಳು ೧೯೦೭ರವರೆಗೆ ಸಿಯಾಮಿನ ಅಧೀನದಲ್ಲಿದ್ದವು. ಅಂಗ್ಕೋರ್ ವಾಟ್ ಕೂಡ. ಆ ವರ್ಷದ ಒಪ್ಪಂದದಿಂದ ಅವು ಫ್ರೆಂಚರಿಗೆ ಸಂದವು. ೧೯೪೧ರಲ್ಲಿ ಬಾತ್ತಂಬಾಂಗ್ ಮತ್ತೆ ಥಾಯ್ಲೆಂಡಿನ ಪಾಲಾಗಿ, ೧೯೪೬ರಲ್ಲಿ ಹಿಂದಿರುಗಿತು. ನೂರು ವರ್ಷ ತುಂಬಿದ ಅಜ್ಜಿಯೊಬ್ಬರು ಮನೆಬಿಟ್ಟು ಕದಲದೆಯೇ ಮೂರು ಆಡಳಿತಗಳನ್ನು ಕಂಡಿರಬಹುದು. ಸದಾಶಿವನ ಮನೆತನದ ಭೂಮಿಯ ನಡುವೆ ಗೆರೆ ಎಳೆದವರು ಸದಾಶಿವನ ಶಾಸನವನ್ನು ಓದಿ ಎಳೆದವರಲ್ಲ.

ನನ್ನ ಯಾತ್ರೆ ಮುಗಿದದ್ದು ಫ್ನೋಮ್ ಪೆನ್ಹ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ, ಕೆ. ೧೨೭ ಎಂಬ ಇನ್ನೊಂದು ಶಿಲೆಯ ಮುಂದೆ. ಸಂಬೋರ್‌ನ ಈ ಶಾಸನದಲ್ಲಿ ಶಕವರ್ಷ ೬೦೫ (ಕ್ರಿ.ಶ. ೬೮೩) ಅಂಕಿಗಳಲ್ಲಿ ಬರೆದಿದೆ, ಆರು ಮತ್ತು ಐದರ ನಡುವೆ ಸೊನ್ನೆಯಾಗಿ ಒಂದು ಚುಕ್ಕೆ. ಕಾಲನಿರ್ಣಯವುಳ್ಳ ಸೊನ್ನೆಯ ಅತ್ಯಂತ ಹಳೆಯ ಬರಹಗಳಲ್ಲಿ ಇದೂ ಒಂದೆಂದು ೧೯೩೧ರಲ್ಲಿ ಸೆದೆಸ್ ತೋರಿಸಿಕೊಟ್ಟರು. ರವಿಕೀರ್ತಿ ಐಹೊಳೆಯಲ್ಲಿ ತನ್ನ ಕಾಲವನ್ನು ಎಣಿಸಿದ ಶಕಗಣನೆಯಲ್ಲಿಯೇ, ಐವತ್ತು ವರ್ಷದೊಳಗೆ, ಮೆಕಾಂಗ್ ದಡದ ಬರಹಗಾರನೂ ಎಣಿಸಿದ್ದಾನೆ. ಕಾಲವನ್ನು ಎಣಿಸುವ ಕ್ರಮಕ್ಕೆ ಯಾವ ಚೌಕಿಯೂ ಅಡ್ಡ ಬಂದಿರಲಿಲ್ಲ.

ಇಷ್ಟನ್ನು ಈಗ ಬರೆಯುವುದಕ್ಕೆ ಕಾರಣವಿದೆ. ೨೦೨೫ರ ಜೂನ್ ತಿಂಗಳಲ್ಲಿ ನಾನು ನಡೆದು ದಾಟಿದ ಆ ಬಾಗಿಲು ಮುಚ್ಚಿತು. ಜುಲೈ ಕೊನೆಯಲ್ಲಿ ಐದು ದಿನ ಎರಡು ಸೇನೆಗಳು ಗಡಿಯುದ್ದಕ್ಕೂ ಕಾದಾಡಿದವು. ಡಿಸೆಂಬರಿನಲ್ಲಿ ಮತ್ತೆ ಕಾದಾಟ ನಡೆಯಿತು. ಥಾಯ್ಲೆಂಡಿನಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಕಾಂಬೋಡಿಯನ್ನರು ಊರಿಗೆ ಮರಳಿದರು. ವಿವಾದದ ನಡುವೆ ಇದ್ದವು ಖ್ಮೇರ್ ದೇವಾಲಯಗಳೇ: ೧೯೬೨ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಕಾಂಬೋಡಿಯಾಕ್ಕೆ ಸೇರಿದುದೆಂದು ತೀರ್ಪಿತ್ತ ಪ್ರೇಹ್ ವಿಹೇರ್, ಮತ್ತು ತಾ ಮುಯೆನ್ ಥೊಮ್. ಪ್ರೇಹ್ ವಿಹೇರದ ದೇವರ ಹಳೆಯ ಹೆಸರು ಶಿಖರೇಶ್ವರ. ಶಾಸನಗಳು ಆ ದೇವರಿಗೆ ಬಿಟ್ಟ ಭೂಮಿಯ ಎಲ್ಲೆಯನ್ನು ಹೇಳುತ್ತವೆ. ರಾಷ್ಟ್ರದ ಎಲ್ಲೆಯನ್ನು ಹೇಳುವುದಿಲ್ಲ.

ಶಾಸನದ ‘ಸೀಮೆ’ಗೂ ಭೂಪಟದ ‘ಗಡಿ’ಗೂ ಇರುವ ಅಂತರ ಇದೇ. ಸೀಮೆ ಒಂದು ದಾನಕ್ಕೆ ಸೇರಿದುದು: ಇಂಥವನು, ಇಂಥ ದೇವರಿಗೆ, ಈ ಕೆರೆಯಿಂದ ಆ ಮರದವರೆಗೆ. ಅದರಾಚೆ ಇರುವುದು ಇನ್ನೊಬ್ಬರ ಸೀಮೆ, ಶತ್ರುವಿನದಲ್ಲ. ಕವಿರಾಜಮಾರ್ಗ ಎರಡು ನದಿಗಳನ್ನು ಹೆಸರಿಸಿ ಕನ್ನಡನಾಡನ್ನು ಗುರುತಿಸಿದ್ದು ಒಂದು ಭಾಷೆಯ ಬಾಳಿನ ವಿಸ್ತಾರವನ್ನು ತೋರಿಸಲು. ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಬರೆಸಿದಾಗ ಬಂಡೆ ಯಾವ ಭಾಷೆಯವರದೆಂದು ಕೇಳುವವರಿರಲಿಲ್ಲ. ಇಂದು ನಮ್ಮಲ್ಲಿಯೂ ಆ ಪ್ರಶ್ನೆ ಕೇಳಿಬರುತ್ತಿದೆ. ಕೆ. ೨೩೫ನ್ನು ಥಾಯ್ ಆಸ್ತಿಯೆಂದೋ ಖ್ಮೇರ್ ಆಸ್ತಿಯೆಂದೋ ಓದಿದರೆ ಅದರ ೩೪೦ ಸಾಲುಗಳಲ್ಲಿ ನಮಗೆ ಉಳಿಯುವುದು ಒಂದು ಹಕ್ಕುಪತ್ರ ಮಾತ್ರ. ಹಾಳಾದ ಊರುಗಳನ್ನು ಮತ್ತೆ ಕಟ್ಟಿದ ಮನೆತನವೊಂದರ ಮಾತೆಂದು ಓದಿದರೆ ಅದರಲ್ಲಿ ಯುದ್ಧವೂ ಇದೆ, ಯುದ್ಧದ ಮರುದಿನವೂ ಇದೆ. ಶಾಸನಗಳನ್ನು ಓದಲು ಕಲಿಯುತ್ತಿರುವ ಕಿರಿಯರು ಆ ಎರಡನೆಯ ಬಗೆಯ ಓದನ್ನು ಅಭ್ಯಾಸ ಮಾಡಿಕೊಳ್ಳಬೇಕೆಂಬುದು ನನ್ನ ಬಿನ್ನಹ.